ಟೆಕ್ಸಾಸ್ ರಿಯಲ್ ಎಸ್ಟೇಟ್ ಲೈಸೆನ್ಸ್ ಪರೀಕ್ಷೆ ಪಾಸಾಯ್ತು, ಯಾವ ಬ್ರೋಕರೇಜ್ ಸೇರ್ಲಿ?

ಶಾಲ್ಮಲಾ_ಪ್ಲೇನೋ
ನಮಸ್ಕಾರ ಎಲ್ರಿಗೂ. ಮಕ್ಕಳು ಸ್ಕೂಲಿಗೆ ಹೋದ ಹೊತ್ತಲ್ಲಿ ಕೂತು 180 ಗಂಟೆ ಕೋರ್ಸ್ ಮುಗಿಸಿದೆ. ಪರೀಕ್ಷೆಯ ನ್ಯಾಷನಲ್, ಸ್ಟೇಟ್ ಎರಡೂ ಭಾಗ ಪಾಸಾಗಿದೆ, ಫಿಂಗರ್‌ಪ್ರಿಂಟ್ ಕೂಡ ಆಯ್ತು. ಆದ್ರೆ ಸ್ಪಾನ್ಸರ್ ಮಾಡೋ, ಅಂದ್ರೆ ನನ್ನ ಕೆಲಸದ ಹೊಣೆ ಹೊರೋ, ಬ್ರೋಕರ್ ಸಿಗೋವರೆಗೆ ಲೈಸೆನ್ಸ್ ಇನ್‌ಆಕ್ಟಿವ್. ಒಬ್ಬ ಗಿರಾಕಿಗೆ ಒಂದು ಮನೆ ತೋರಿಸೋ ಹಾಗಿಲ್ಲ.

ಮೂರು ಕಡೆ ಮಾತಾಡಿದೀನಿ. ಒಂದು, ದೊಡ್ಡ ಫ್ರಾಂಚೈಸ್ ಆಫೀಸು. 70/30 ಸ್ಪ್ಲಿಟ್ (ಕಮಿಷನ್ನಿನ 70% ನನಗೆ, 30% ಕಂಪನಿಗೆ), ಅದಕ್ಕೂ ಮುಂಚೆ 6% ಫ್ರಾಂಚೈಸ್ ಫೀ ಕಟ್ ಆಗುತ್ತೆ, ಕಂಪನಿ ಪಾಲು ವರ್ಷಕ್ಕೆ 18,000 ಡಾಲರ್ ಮುಟ್ಟಿದ್ರೆ ಕ್ಯಾಪ್, ಆಮೇಲೆ ಆ ವರ್ಷ ಕಂಪನಿ ಪಾಲು ಇಲ್ಲ. ಕ್ಲಾಸುಗಳು ವಾರಪೂರ್ತಿ ನಡೀತವೆ. ಎರಡು, ಆಫೀಸೇ ಇಲ್ಲದ ಆನ್‌ಲೈನ್ ಬ್ರೋಕರೇಜ್. 100% ಕಮಿಷನ್ ನಮ್ಮದೇ, ಡೀಲ್‌ಗೆ 495 ಡಾಲರ್, ತಿಂಗಳ ಫೀ ಬೇರೆ. ಮೂರು, ನಮ್ಮ ಕನ್ನಡದವರೇ ಒಬ್ರು ನಡೆಸೋ ಟೀಮ್. 50/50, ಆದ್ರೆ ಲೀಡ್ (ಗಿರಾಕಿ ಆಗಬಹುದಾದವರ ಸಂಪರ್ಕ) ಅವರೇ ಕೊಡ್ತಾರಂತೆ.

ನಮ್ಮನೆಯವರು ಎಕ್ಸೆಲ್ ಶೀಟ್ ಮಾಡಿ ಎರಡನೇದಕ್ಕೆ ಹಸಿರು ಬಣ್ಣ ಬಳಿದಿಟ್ಟಿದಾರೆ. ನನಗೆ ಯಾಕೋ ಧೈರ್ಯ ಬರ್ತಿಲ್ಲ. ಈ ಕಸುಬಲ್ಲಿ ಇರೋರು ದಯವಿಟ್ಟು ಹೇಳಿ. ಅಂದ ಹಾಗೆ ನಾನು ಎಚ್4 ಇಎಡಿ (ಎಚ್1ಬಿ ವೀಸಾದವರ ಸಂಗಾತಿಗೆ ಸಿಗೋ ಕೆಲಸದ ಅನುಮತಿ ಕಾರ್ಡ್) ಮೇಲೆ ಇದೀನಿ.

ಸುಮ್ನಿರೋ_ಮಾರಾಯ
ಮೂರನೇದು ಬೇಡ. ಕಾರಣ ಕೇಳ್ಬೇಡಿ.

ಅರ್ವಿಂಗ್_ಅಣ್ಣ
ಕಾರಣ ಹೇಳದೆ ಬೇಡ ಅಂದ್ರೆ ಹೆಂಗೆ ಗುರು? ಇಲ್ಲಿ ಜನ ಜೀವನದ ನಿರ್ಧಾರ ಮಾಡ್ತಿದಾರೆ.

ಲೆಕ್ಕದ_ಮೇಷ್ಟ್ರು
ಮೊದಲು ಎಕ್ಸೆಲ್ ಶೀಟ್ ನೋಡೋಣ. ಐದು ಲಕ್ಷ ಡಾಲರ್ ಮನೆ, ಖರೀದಿದಾರರ ಕಡೆ ಕಮಿಷನ್ 2.5% ಅಂತ ಇಟ್ಕೊಳ್ಳಿ. 12,500 ಬಂತು.

ಫ್ರಾಂಚೈಸ್‌ನಲ್ಲಿ 6% ಅಂದ್ರೆ 750 ಹೋಗಿ 11,750. ಅದರ 70% ಅಂದ್ರೆ 8,225 ನಿಮ್ಮ ಕೈಗೆ. ಆನ್‌ಲೈನ್‌ನಲ್ಲಿ 495 ಕಳೆದು 12,005. ಟೀಮ್‌ನಲ್ಲಿ ಅರ್ಧ, 6,250. ಇಷ್ಟು ನೋಡಿದ್ರೆ ಯಜಮಾನ್ರು ಹಸಿರು ಬಳಿದಿದ್ದು ಸರಿ.

ಆದ್ರೆ ಈ ಮೂರೂ ಅಂಕಿ ಒಂದೊಂದು ಡೀಲ್ ಆಗಿದೆ ಅಂತ ನಂಬಿಕೊಂಡು ಹಾಕಿದ್ದು. ಮೊದಲ ವರ್ಷ ಕೇಳಬೇಕಾದ ಪ್ರಶ್ನೆ ಡೀಲಿಗೆ ಎಷ್ಟು ಸಿಗುತ್ತೆ ಅಂತಲ್ಲ, ಡೀಲ್ ಆಗುತ್ತಾ ಅಂತ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಿದೀರಿ. ಕ್ಯಾಪ್ ವಿಷಯನೂ ಅಷ್ಟೇ: ನಿಮ್ಮ ಲೆಕ್ಕದಲ್ಲಿ ಕಂಪನಿಗೆ ಪ್ರತಿ ಡೀಲಿಂದ 3,525 ಹೋಗುತ್ತೆ, ಅಂದ್ರೆ 18,000 ಮುಟ್ಟೋದು ಆರನೇ ಡೀಲಲ್ಲಿ. ಹೊಸಬರು ಮೊದಲ ವರ್ಷ ಅಲ್ಲಿಗೆ ಮುಟ್ಟಿದ್ರೆ ಸಂತೋಷ, ಆದ್ರೆ ಅದನ್ನ ನಂಬಿ ಬ್ರೋಕರೇಜ್ ಆರಿಸಬೇಡಿ.

ಖರ್ಚು ಮಾತ್ರ ಡೀಲ್ ಇದ್ರೂ ಇಲ್ದಿದ್ರೂ ಓಡ್ತಾನೇ ಇರುತ್ತೆ. ಎಂಎಲ್‌ಎಸ್ (ಏಜೆಂಟರು ಮಾರಾಟದ ಮನೆ ಹಾಕೋ ಪಟ್ಟಿ) ಚಂದಾ, ಅಸೋಸಿಯೇಷನ್ ಚಂದಾ, ಮನೆ ಬೀಗದಕೈ ಇಡೋ ಲಾಕ್‌ಬಾಕ್ಸ್ ತೆಗೆಯೋ ಆ್ಯಪ್, ಇ ಆಂಡ್ ಓ (ಕೆಲಸದಲ್ಲಿ ತಪ್ಪಾದ್ರೆ ಕಾಪಾಡೋ) ಇನ್ಶೂರೆನ್ಸ್ ಪಾಲು, ಪೆಟ್ರೋಲು. ಖರ್ಚು ಕಳೆದು ಉಳಿದಿದ್ದರ ಮೇಲೆ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ 15.3% ಬೇರೆ, ಇನ್‌ಕಮ್ ಟ್ಯಾಕ್ಸ್ ಅದರ ಮೇಲೆ. ನೀವು ಡಬ್ಲ್ಯು-2 (ಸಂಬಳದ) ನೌಕರರಲ್ಲ, ಸ್ವತಂತ್ರವಾಗಿ ದುಡಿಯೋರಿಗೆ ಕೊಡೋ 1099 ಫಾರ್ಮ್ ಬರುತ್ತೆ. ಮೂರು ತಿಂಗಳಿಗೊಮ್ಮೆ ಎಸ್ಟಿಮೇಟೆಡ್ ಟ್ಯಾಕ್ಸ್ ಕಟ್ಟಬೇಕು. ಈ ಸಾಲು ಶೀಟಲ್ಲಿ ಇದೆಯಾ?

ಶಾಲ್ಮಲಾ_ಪ್ಲೇನೋ
ಇಲ್ಲ ಸಾರ್ 🙈 ಅವರಿಗೆ ತೋರಿಸಿದೆ. "ಹೂಂ" ಅಂದ್ರು.

ಕೆರೆ_ಏರಿ
ಡ್ಯಾಲಸ್ ಕಡೆ ವರ್ಷಾನುಗಟ್ಟಲೆ ಇದೇ ಮಾಡ್ತಿರೋಳು ನಾನು. ಸ್ಪ್ಲಿಟ್ ಬಗ್ಗೆ ಎಲ್ಲರೂ ಹೇಳ್ತಾರೆ, ನಾನು ಬೇರೆ ಹೇಳ್ತೀನಿ.

ಟೆಕ್ಸಾಸ್ ಕಾಂಟ್ರಾಕ್ಟಲ್ಲಿ ಆಪ್ಷನ್ ಪೀರಿಯಡ್ ಅಂತ ಓದಿರ್ತೀರಿ, ಖರೀದಿದಾರರು ಕಾರಣ ಕೊಡದೆ ಹಿಂದೆ ಸರಿಯಬಹುದಾದ ದಿನಗಳು. ಕೊನೇ ದಿನ ಸಂಜೆ 5 ಗಂಟೆಗೆ ಮುಗಿಯುತ್ತೆ, 5:01 ಅಂದ್ರೆ ತಡ. ನನ್ನ ಮೊದಲ ವರ್ಷದಲ್ಲಿ ಒಂದು ಮನೆ, ಇನ್ಸ್‌ಪೆಕ್ಷನ್‌ನಲ್ಲಿ ಫೌಂಡೇಷನ್ ವಾಲಿದೆ ಅಂತ ಬಂತು. ಈ ಕಡೆ ಜೇಡಿಮಣ್ಣು, ಮಳೆ ಬಿದ್ರೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ, ಹಾಗಾಗಿ ಇದು ಅಪರೂಪ ಏನಲ್ಲ. ಗಿರಾಕಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ತೋರಿಸಬೇಕು, ಎಂಜಿನಿಯರ್ ಸಿಗೋದು ಸೋಮವಾರ, ಆಪ್ಷನ್ ಮುಗಿಯೋದು ಶುಕ್ರವಾರ. ಮಾರೋರ ಕಡೆ ಏಜೆಂಟು ಫೋನಲ್ಲಿ ತುಂಬ ಒಳ್ಳೆ ಮಾತಾಡಿದ್ರು. ಏನೂ ತೊಂದ್ರೆ ಇಲ್ಲ, ನಮ್ಮ ಸೆಲ್ಲರ್ ಪ್ರಯಾಣದಲ್ಲಿದಾರೆ, ಎಕ್ಸ್‌ಟೆನ್ಶನ್‌ಗೆ ಸೋಮವಾರ ಸೈನ್ ಹಾಕಿ ಕಳಿಸ್ತೀವಿ ಅಂದ್ರು.

ನಾನು ಬ್ರೋಕರ್‌ಗೆ ಫೋನ್ ಹಚ್ಚಿದೆ. ಅವರು ಎತ್ತಿದ್ರು. "ಮಾತು ಬೇಡ, ಅಮೆಂಡ್‌ಮೆಂಟ್ ಮೇಲೆ ಎರಡೂ ಕಡೆ ಸೈನ್ 5 ಗಂಟೆ ಒಳಗೆ ಬೇಕು. ಇಲ್ಲಾಂದ್ರೆ 4:45ಕ್ಕೆ ಟರ್ಮಿನೇಷನ್ ನೋಟಿಸ್ ಕಳಿಸು. ನೋಟಿಸ್ ಈಗಲೇ ತುಂಬಿ ಗಿರಾಕಿ ಹತ್ರ ಸೈನ್ ಹಾಕಿಸಿ ಇಟ್ಕೋ" ಅಂದ್ರು. ನೋಟಿಸ್ ರೆಡಿ ಇದೆ ಅಂತ ಆ ಕಡೆ ಏಜೆಂಟಿಗೆ ತಿಳಿಸಿದ್ದೇ ತಡ, ಪ್ರಯಾಣದಲ್ಲಿದ್ದ ಸೆಲ್ಲರ್‌ಗೆ ಇಂಟರ್‌ನೆಟ್ ಸಿಕ್ಕಿತು, 4:30ಕ್ಕೆ ಸೈನ್ ಆಗಿ ಬಂತು. ಗಿರಾಕಿಯ ಅರ್ನೆಸ್ಟ್ ಮನಿ, ಅಂದ್ರೆ ಮುಂಗಡ, ಉಳೀತು. ಆ ಬ್ರೋಕರ್ ನನ್ನ ಕಮಿಷನ್‌ನಲ್ಲಿ 30% ತಗೊಂಡಿದ್ರೆ ತಗೊಳ್ಳಲಿ ಬಿಡಿ.

ಹಾಗಾಗಿ ನಿಮ್ಮ ಮೂರೂ ಕಡೆ ಒಂದೇ ಪ್ರಶ್ನೆ ಕೇಳಿ: ಶುಕ್ರವಾರ ಸಂಜೆ ನಾಲ್ಕೂವರೆಗೆ ನಾನು ಯಾರಿಗೆ ಫೋನ್ ಮಾಡ್ಲಿ, ಅವರ ಹೆಸರೇನು? "ಸಪೋರ್ಟ್ ಟೀಮ್ ಇದೆ" ಅನ್ನೋದು ಉತ್ತರ ಅಲ್ಲ.

ಮಲೆನಾಡಿಗ_ಎಕ್ಸ್‌ಪಿ
ಆನ್‌ಲೈನ್ ಅಂದ ತಕ್ಷಣ ಎಲ್ಲರೂ ಮುಗಿಬಿದ್ದು ಬೇಡ ಅನ್ನೋದು ಯಾಕೆ ಅಂತ ಅರ್ಥ ಆಗಲ್ಲ. ನಾನು ಎಕ್ಸ್‌ಪಿ ಅನ್ನೋ ಆನ್‌ಲೈನ್ ಬ್ರೋಕರೇಜಲ್ಲಿದೀನಿ. 80/20, ಕ್ಯಾಪ್ 16,000. ಕ್ಲಾಸ್ ಎಲ್ಲ ಆನ್‌ಲೈನ್, ಪ್ರಶ್ನೆ ಇದ್ರೆ ಸ್ಟೇಟ್ ಬ್ರೋಕರ್ ಟೀಮ್ ಸಿಗ್ತಾರೆ, ನನಗೆ ಯಾವತ್ತೂ ಕೈಕೊಟ್ಟಿಲ್ಲ. ಆಫೀಸ್ ಅಂತ ಹೋಗಿ ಕಾಫಿ ಕುಡಿದು ಹರಟೆ ಹೊಡೆದು ಬರೋರನ್ನ ಬೇಕಾದಷ್ಟು ನೋಡಿದೀನಿ. ಕಲಿಯೋ ಮನಸ್ಸಿದ್ರೆ ಲ್ಯಾಪ್‌ಟಾಪ್ ಸಾಕು. ರೆವಿನ್ಯೂ ಶೇರ್ ಬೇರೆ ಇದೆ, ನೀವು ಕರ್ಕೊಂಡು ಬಂದೋರು ಡೀಲ್ ಮಾಡಿದ್ರೆ ನಿಮಗೂ ಕಂಪನಿ ಪಾಲಿಂದ ಬರುತ್ತೆ.

ಸುಮ್ನಿರೋ_ಮಾರಾಯ
ಬಂತು ನೋಡಿ ರೆವಿನ್ಯೂ ಶೇರ್. ಈಗ ಶಾಲ್ಮಲಾ ಅವರಿಗೆ ಇನ್‌ಬಾಕ್ಸಲ್ಲಿ ಮೆಸೇಜ್ ಬರುತ್ತೆ.

ಮಲೆನಾಡಿಗ_ಎಕ್ಸ್‌ಪಿ
ನಾನು ಯಾರಿಗೂ ಮೆಸೇಜ್ ಕಳಿಸಿಲ್ಲ ಸ್ವಾಮಿ. ಇರೋ ವಿಷಯ ಹೇಳಿದೆ.

ಎಡಿಸನ್_ಸೋದರತ್ತೆ
ಮಲೆನಾಡಿಗರು ಹೇಳೋದರಲ್ಲಿ ಅರ್ಧ ನಿಜ. ಅವರು ಆಗಲೇ ಡೀಲ್ ಮಾಡಿ ಪಳಗಿದೋರು, ಅಂಥವರಿಗೆ ಆ ಮಾಡೆಲ್ ಸರಿ. ಶಾಲ್ಮಲಾ, ನೀವು ಇನ್ನೂ ಒಂದು ಕಾಂಟ್ರಾಕ್ಟ್ ತುಂಬಿಲ್ಲ ಅಲ್ವಾ? ನೆನಪಿಡಿ, ನಿಮ್ಮನ್ನ ಸೇರಿಸಿಕೊಳ್ಳೋಕೆ ಯಾರು ಬಹಳ ಆತುರ ತೋರಿಸ್ತಾರೋ ಅವರಿಗೆ ಅದರಿಂದ ಏನು ಸಿಗುತ್ತೆ ಅಂತ ನೇರ ಕೇಳಿ. ಆನ್‌ಲೈನ್ ಕಂಪನಿಲೂ ಕೇಳಿ, ಫ್ರಾಂಚೈಸ್‌ನಲ್ಲೂ ಕೇಳಿ. ಕೆಲ್ಲರ್ ವಿಲಿಯಮ್ಸ್ ಅನ್ನೋ ಫ್ರಾಂಚೈಸ್‌ನಲ್ಲಿ ಪ್ರಾಫಿಟ್ ಶೇರ್ ಇದೆ, ಬೇರೆ ಕಡೆ ಬೇರೆ ಹೆಸರಿರುತ್ತೆ. ತಪ್ಪೇನಿಲ್ಲ, ಗೊತ್ತಿರಬೇಕು ಅಷ್ಟೇ.

ಇನ್ನೊಂದು. ಫ್ರಾಂಚೈಸ್ ಅಂದ್ರೆ ಬೋರ್ಡ್ ನೋಡಿ ಸೇರಬೇಡಿ. ಸಾಮಾನ್ಯವಾಗಿ ಒಂದೊಂದು ಆಫೀಸಿಗೂ ಓನರ್ ಬೇರೆ, ಮ್ಯಾನೇಜಿಂಗ್ ಬ್ರೋಕರ್ ಬೇರೆ. ಪ್ಲೇನೋದಲ್ಲಿ ಚೆನ್ನಾಗಿರೋದು ಮೆಕಿನ್ನಿಯಲ್ಲಿ ಹಾಗೇ ಇರಬೇಕು ಅಂತೇನಿಲ್ಲ. ಅದೇ ಬೋರ್ಡಿನ ಎರಡು ಆಫೀಸಿಗೆ ಹೋಗಿ ಒಂದೊಂದು ಕ್ಲಾಸಲ್ಲಿ ಕೂತು ನೋಡಿ. ಕೂರೋಕೆ ಬಿಡ್ತಾರೆ, ಕೇಳಿದ್ರೆ ಸಾಕು.

ಬೇ_ಏರಿಯಾ_ಭಟ್ರು
ಕ್ಯಾಲಿಫೋರ್ನಿಯಾದಿಂದ ಎರಡು ಮಾತು. ಇಲ್ಲಿ 135 ಗಂಟೆ ಕೋರ್ಸ್, ನಿಮ್ಮದಕ್ಕಿಂತ ಕಡಿಮೆ. ಆದ್ರೂ ವಿಷಯ ಒಂದೇ: ಕೋರ್ಸ್ ಪರೀಕ್ಷೆ ಪಾಸ್ ಮಾಡಿಸುತ್ತೆ, ಆಫರ್ ಬರೆಯೋದು ಕಲಿಸಲ್ಲ.

ಮ್ಯಾನೇಜಿಂಗ್ ಬ್ರೋಕರ್ ಸ್ವತಃ ಮನೆ ಮಾರ್ತಾರಾ ಇಲ್ವಾ ಅಂತ ವಿಚಾರಿಸಿ. ಮಾರೋರಾಗಿದ್ರೆ ನಿಮ್ಮ ಕಾಂಟ್ರಾಕ್ಟ್ ಓದೋಕೆ ಅವರಿಗೆ ಪುರುಸೊತ್ತು ಇರಲ್ಲ. ಮೇಲಾಗಿ ಆಫೀಸಿಗೆ ಬರೋ ಒಳ್ಳೆ ಫೋನ್ ಕಾಲ್ ಅವರ ಟೇಬಲ್ ದಾಟಿ ನಿಮ್ಮತ್ರ ಬರೋದು ಕಷ್ಟ. ಮಾರದೇ ಬರೀ ಏಜೆಂಟರನ್ನ ನೋಡ್ಕೊಳ್ಳೋ ಬ್ರೋಕರ್ ಸಿಕ್ಕಿದ್ರೆ ಬಿಡಬೇಡಿ.

ಹಾವೇರಿ_ಹುಡುಗ
ಒಂದು ಪ್ರಶ್ನೆ ರೀ. ನಾನು ಎಚ್1ಬಿ ಮ್ಯಾಲೆ ಇದೀನಿ, ಐಟಿ ಕೆಲಸ. ವೀಕೆಂಡ್‌ನಾಗ ಇದನ್ನ ಪಾರ್ಟ್‌ಟೈಮ್ ಮಾಡಬಹುದೇನು? ಸ್ಪ್ಲಿಟ್ ನನಗೂ 100% ಇದ್ರ ಚಲೋ.

ಲೆಕ್ಕದ_ಮೇಷ್ಟ್ರು
ಮಾಡೋ ಹಾಗಿಲ್ಲ. ಎಚ್1ಬಿ ಅಂದ್ರೆ ಪಿಟಿಷನ್ ಹಾಕಿದ ಕಂಪನಿಗೆ ಮಾತ್ರ ಕೆಲಸ. ಲೈಸೆನ್ಸ್ ತಗೊಳ್ಳೋಕೆ ರಾಜ್ಯ ಅಡ್ಡಿ ಮಾಡದೇ ಇರಬಹುದು, ಕಮಿಷನ್ ದುಡಿದ್ರೆ ಅನುಮತಿ ಇಲ್ಲದ ಕೆಲಸ ಆಗುತ್ತೆ. ಗ್ರೀನ್ ಕಾರ್ಡಿಗೆ ಕುತ್ತು ತರ್ಕೋಬೇಡಿ.

ಹಾವೇರಿ_ಹುಡುಗ
ರೆಫರಲ್ ಫೀ ಅಷ್ಟೇ ತಗೊಂಡ್ರೂ?

ಲೆಕ್ಕದ_ಮೇಷ್ಟ್ರು
ಅದೂ ಸಂಪಾದನೆನೇ ಕಣಪ್ಪ. ಲೈಸೆನ್ಸ್ ಇಲ್ದೋರಿಗೆ ಏಜೆಂಟು ರೆಫರಲ್ ಕಮಿಷನ್ ಕೊಡೋದೇ ತಪ್ಪು, ಅದು ಬೇರೆ ಕಥೆ.

ಕೆರೆ_ಏರಿ
ಇಎಡಿ ವಿಷಯ ಬಂದಿದ್ದು ಒಳ್ಳೇದಾಯ್ತು. ಶಾಲ್ಮಲಾ, ನಿಮ್ಮ ಕಾರ್ಡ್ ಯಾವಾಗ ಎಕ್ಸ್‌ಪೈರ್ ಆಗುತ್ತೆ ನೋಡ್ಕೊಳ್ಳಿ. 2025ರ ಅಕ್ಟೋಬರ್ 30ರಿಂದ ಈಚೆ ಹಾಕಿದ ರಿನ್ಯೂವಲ್‌ಗೆ ಮುಂಚಿನ ಹಾಗೆ ಆಟೋಮ್ಯಾಟಿಕ್ ಎಕ್ಸ್‌ಟೆನ್ಶನ್ ಇಲ್ಲ. ಹೊಸ ಕಾರ್ಡ್ ಬರೋದು ತಡ ಆದ್ರೆ ಮಧ್ಯೆ ಕೆಲಸ ನಿಲ್ಲಿಸಬೇಕು. ಮನೆ ಕಾಂಟ್ರಾಕ್ಟಲ್ಲಿರುತ್ತೆ, ಗಿರಾಕಿ ಕಾಯ್ತಿರ್ತಾರೆ, ನೀವು ಕೈ ಕಟ್ಟಿ ಕೂರಬೇಕು. ಆವಾಗ ಆ ಡೀಲನ್ನ ಯಾರು ಎತ್ಕೋತಾರೆ, ನಿಮ್ಮ ಪಾಲು ಏನಾಗುತ್ತೆ? ಇದು ಬ್ರೋಕರ್ ಹತ್ರ ಮೊದಲೇ ಮಾತಾಡೋ ವಿಷಯ. ಪಾಲಿನ ವಿಚಾರಕ್ಕೆ ಇಮಿಗ್ರೇಷನ್ ವಕೀಲರನ್ನೂ ಕೇಳಿ. ಎಕ್ಸೆಲ್ ಶೀಟಲ್ಲಿ ಇದಕ್ಕೆ ಕಾಲಂ ಇರಲ್ಲ.

ಶಾಲ್ಮಲಾ_ಪ್ಲೇನೋ
ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ಕಾರ್ಡ್ ಮುಂದಿನ ಬೇಸಿಗೆವರೆಗೆ ಇದೆ.

ಕ್ಯಾಶ್‌ಬ್ಯಾಕ್_ಕೇಶವ
ಯಾರೂ ಕೇಳ್ತಿಲ್ಲ, ನಾನೇ ಕೇಳ್ತೀನಿ. ದೇಸಿ ಗಿರಾಕಿಗಳ ಮೊದಲ ಪ್ರಶ್ನೆನೇ "ಎಷ್ಟು ವಾಪಸ್ ಕೊಡ್ತೀರಿ?" ಅಂತ. ನಿಮ್ಮ ಬ್ರೋಕರೇಜ್ ರಿಬೇಟ್ ಕೊಡೋಕೆ ಬಿಡುತ್ತಾ? ಬಿಡದಿದ್ರೆ ಆ ದೊಡ್ಡ ಹೆಸರು ಇಟ್ಕೊಂಡು ಏನ್ಮಾಡ್ತೀರಿ? 50/50 ಟೀಮಲ್ಲಿ ಇದ್ಕೊಂಡು 1% ವಾಪಸ್ ಕೊಟ್ರೆ ನಿಮಗೆ ಉಳಿಯೋದು ಪೆಟ್ರೋಲ್ ದುಡ್ಡು. ಹಾಗಾಗಿ ಎರಡನೇದೇ ಸರಿ.

ಎಡಿಸನ್_ಸೋದರತ್ತೆ
ರಿಬೇಟ್ ಕೊಟ್ಟು ಗಿರಾಕಿ ಹಿಡಿಯೋ ಏಜೆಂಟಿಗೆ ರಿಬೇಟ್ ಜಾಸ್ತಿ ಕೊಡೋ ಇನ್ನೊಬ್ಬ ಏಜೆಂಟು ಯಾವತ್ತೂ ಕಾದಿರ್ತಾನೆ ಕೇಶವ ಅವರೇ.

ಕ್ಯಾಶ್‌ಬ್ಯಾಕ್_ಕೇಶವ
ಮೇಡಂ, ಹೊಸಬರಿಗೆ ಅನುಭವ ಇಲ್ಲ, ರಿವ್ಯೂ ಇಲ್ಲ. ಬೆಲೆ ಬಿಟ್ಟು ಇನ್ನೇನು ತೋರಿಸಿ ಗಿರಾಕಿ ಕರೀತಾರೆ? ನಾನು ಹಾಗೇ ಶುರು ಮಾಡಿದ್ದು. ಈಗ ಹಳೇ ಗಿರಾಕಿಗಳೇ ಹೊಸಬರನ್ನ ಕಳಿಸ್ತಾರೆ, ರಿಬೇಟ್ ಕೇಳದೇ ಬರೋರೂ ಇದಾರೆ.

ಬೇ_ಏರಿಯಾ_ಭಟ್ರು
ಇಬ್ಬರದ್ದೂ ಸರಿ. ಆದ್ರೆ ಕಾಗದ ಮಾತ್ರ ಸರಿಯಾಗಿರಲಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಖರೀದಿದಾರರಿಗೆ ರಿಬೇಟ್ ಕೊಡಬಹುದು. ಓರೆಗಾನ್, ಕಾನ್ಸಾಸ್ ಥರದ ಕೆಲವು ರಾಜ್ಯಗಳಲ್ಲಿ ಕೊಡೋ ಹಾಗಿಲ್ಲ. ಕೊಡೋ ಕಡೆನೂ ನಿಮ್ಮ ಬ್ರೋಕರ್ ಒಪ್ಪಿಗೆ ಬೇಕು, ಲೆಂಡರ್‌ಗೆ (ಸಾಲ ಕೊಡೋರಿಗೆ) ಗೊತ್ತಿರಬೇಕು, ಕ್ಲೋಸಿಂಗ್ (ಮನೆ ಕೈಬದಲಾಗೋ ದಿನದ) ಕಾಗದದಲ್ಲಿ ಕಾಣಬೇಕು. "ಕ್ಲೋಸಿಂಗ್ ಆದ್ಮೇಲೆ ಝೆಲ್ ಆ್ಯಪಲ್ಲಿ ದುಡ್ಡು ಕಳಿಸ್ತೀನಿ" ಅನ್ನೋದೆಲ್ಲ ಬೇಡ. ಕಮಿಷನ್ ಅನ್ನೋದು ಕಾನೂನು ಪ್ರಕಾರ ಬರೋದೇ ಬ್ರೋಕರ್ ಹೆಸರಿಗೆ, ಅಲ್ಲಿಂದ ನಿಮಗೆ. ನೀವು ನಿಮ್ಮಷ್ಟಕ್ಕೆ ಹಂಚೋಕೆ ಅದು ನಿಮ್ಮ ಜೇಬಿನ ದುಡ್ಡಲ್ಲ.

ಕೆರೆ_ಏರಿ
ಇದರ ಜೊತೆ 2024 ಮರೀಬೇಡಿ. ಎನ್‌ಎಆರ್ (ಅಮೆರಿಕದ ರಿಯಲ್ ಎಸ್ಟೇಟ್ ಏಜೆಂಟರ ಸಂಘ) ಕೇಸಲ್ಲಿ 418 ಮಿಲಿಯನ್ ಡಾಲರ್‌ಗೆ ರಾಜಿ ಆಯ್ತಲ್ಲ, ಅದರ ನಿಯಮ ಆ ವರ್ಷ ಆಗಸ್ಟ್ 17ರಿಂದ ಜಾರಿಗೆ ಬಂತು. ಖರೀದಿದಾರರ ಏಜೆಂಟಿಗೆ ಇಷ್ಟು ಕೊಡ್ತೀವಿ ಅಂತ ಎಂಎಲ್‌ಎಸ್‌ನಲ್ಲಿ ಹಾಕೋದು ನಿಂತುಹೋಯ್ತು. ಮನೆ ತೋರಿಸೋಕೆ ಮುಂಚೆನೇ ಗಿರಾಕಿ ಜೊತೆ ಲಿಖಿತ ಒಪ್ಪಂದ ಆಗಬೇಕು, ನಿಮ್ಮ ಫೀ ಎಷ್ಟು ಅಂತ ಅದರಲ್ಲಿ ಸ್ಪಷ್ಟ ಇರಬೇಕು.

ಮೊದಲೆಲ್ಲ "ನನ್ನ ಫೀ ಸೆಲ್ಲರ್ ಕೊಡ್ತಾರೆ, ನಿಮಗೇನೂ ಖರ್ಚಿಲ್ಲ" ಅಂತ ಹೇಳಿ ದಾಟಿಸ್ತಿದ್ರು. ಈಗ ಪರಿಚಯದವರ ಮನೆ ಡೈನಿಂಗ್ ಟೇಬಲ್ ಮೇಲೆ ಕೂತು, "ನನ್ನ ಫೀ ಇಷ್ಟು, ಸೆಲ್ಲರ್ ಕೊಡದಿದ್ರೆ ನೀವು ಕೊಡಬೇಕಾಗುತ್ತೆ" ಅಂತ ಮುಖ ನೋಡ್ಕೊಂಡು ಹೇಳಬೇಕು. ಹೇಳೋವಾಗ ದನಿ ನಡುಗಿದ್ರೆ ಮುಗೀತು, ಅಲ್ಲೇ ಚೌಕಾಸಿ ಶುರು. ಈ ಮಾತನ್ನ ಅಭ್ಯಾಸ ಮಾಡಿಸೋ ಆಫೀಸು ಬೇಕು ನಿಮಗೆ. ಕ್ಲಾಸ್ ಪಟ್ಟಿ ತೋರಿಸಿದಾಗ ಬರೀ "ಮೈಂಡ್‌ಸೆಟ್", "ಸೋಷಿಯಲ್ ಮೀಡಿಯಾ" ಅಂತಿದ್ರೆ ಎದ್ದು ಬನ್ನಿ. ಬೈಯರ್ ಅಗ್ರಿಮೆಂಟ್ ಸಾಲು ಸಾಲಾಗಿ ಓದಿಸೋ ಕ್ಲಾಸ್ ಇದೆಯಾ ನೋಡಿ.

ಅರ್ವಿಂಗ್_ಅಣ್ಣ
ಖರೀದಿದಾರನಾಗಿ ಒಂದು ಅನುಮಾನ. ಹೋದ ವರ್ಷ ಮನೆ ಹುಡುಕೋವಾಗ ನಮ್ಮ ಏಜೆಂಟನ್ನ "ನಮ್ಮವರು ಜಾಸ್ತಿ ಇರೋ ಏರಿಯಾ ಯಾವುದು" ಅಂತ ಕೇಳಿದ್ರೆ ಬಾಯೇ ಬಿಡಲಿಲ್ಲ. ನಮ್ಮೋನೇ ಆಗಿ ಇಷ್ಟು ಹೇಳೋಕೆ ಏನು ಕಷ್ಟ?

ಎಡಿಸನ್_ಸೋದರತ್ತೆ
ಅವರು ಮಾಡಿದ್ದು ಸರಿ. 1968ರ ಫೇರ್ ಹೌಸಿಂಗ್ ಕಾಯ್ದೆ ಇದೆ. ಜನಾಂಗ, ಧರ್ಮ, ಮೂಲದೇಶ ನೋಡಿ ಗಿರಾಕಿಯನ್ನ ಒಂದು ಏರಿಯಾ ಕಡೆ ತಳ್ಳೋದು ಸ್ಟೀರಿಂಗ್ ಆಗುತ್ತೆ. ಕೇಳಿದೋರು ನಮ್ಮವರೇ ಆದ್ರೂ, ಒಳ್ಳೆ ಮನಸ್ಸಿಂದ ಕೇಳಿದ್ರೂ ಅಷ್ಟೇ. ಏಜೆಂಟು ಹೇಳಬಹುದಾದ್ದು, "ಈ ಮಾಹಿತಿ ನೀವೇ ನೋಡ್ಕೊಳ್ಳಿ, ಯಾವ ಏರಿಯಾ ಬೇಕು ಹೇಳಿ, ಅಲ್ಲಿನ ಮನೆ ತೋರಿಸ್ತೀನಿ" ಅಂತ.

ಶಾಲ್ಮಲಾ, ನಿಮ್ಮ ಮೊದಲ ಗಿರಾಕಿಗಳು ಬಹುಪಾಲು ನಮ್ಮವರೇ ಇರ್ತಾರೆ, ಈ ಪ್ರಶ್ನೆ ವಾರವಾರ ಬರುತ್ತೆ. ದೇಸಿ ಟೀಮ್‌ಗಳಲ್ಲಿ ಇದರ ಬಗ್ಗೆ ಸಡಿಲ ಮಾತು ಜಾಸ್ತಿ. ವಾಟ್ಸಾಪ್ ಗ್ರೂಪಲ್ಲಿ "ಇಂಡಿಯನ್ ಕಮ್ಯುನಿಟಿ ಏರಿಯಾ, ಬೇಗ ಬನ್ನಿ" ಅಂತ ಜಾಹೀರಾತು ಹಾಕ್ತಾರೆ. ಆ ಮೂರನೇ ಟೀಮ್‌ನವರ ಪೋಸ್ಟ್‌ಗಳನ್ನ ಒಮ್ಮೆ ತಿರುವಿ ನೋಡಿ.

ಅರ್ವಿಂಗ್_ಅಣ್ಣ
ಓಹ್. ನಾನು ಆ ಮನುಷ್ಯನಿಗೆ ಮೂರು ಸ್ಟಾರ್ ಕೊಟ್ಟುಬಿಟ್ಟಿದೀನಲ್ಲ. ಹೋಗಿ ಬದಲಾಯಿಸ್ತೀನಿ.

ಶಾಲ್ಮಲಾ_ಪ್ಲೇನೋ
ತಿರುವಿ ನೋಡಿದೆ. ಸೋದರತ್ತೆ ಹೇಳಿದ ಥರದ್ದೇ ಇವೆ. ಅದಕ್ಕಿಂತ ದೊಡ್ಡದು, ಇವತ್ತು ಅವರು ಅಗ್ರಿಮೆಂಟ್ ಕಳಿಸಿದ್ರು. ಒಳ್ಳೇವರ ಹಾಗೆ ಕಾಣ್ತಾರೆ, ಹೆಸರು ಹೇಳಲ್ಲ. ಮೂರು ವಿಷಯ ನನಗೆ ಅರ್ಥ ಆಗಿಲ್ಲ. ಟೀಮ್ ಬಿಟ್ಟು ಹೋದ್ರೆ ನಡೀತಿರೋ ಡೀಲ್‌ಗಳಲ್ಲಿ ನನ್ನ ಪಾಲು 50ರಿಂದ 20%ಗೆ ಇಳಿಯುತ್ತೆ ಅಂತಿದೆ. ನಾನು ಕರ್ಕೊಂಡು ಬರೋ ನನ್ನ ಫ್ರೆಂಡ್ಸ್ ಕೂಡ "ಟೀಮ್ ಲೀಡ್", ಅಂದ್ರೆ ಟೀಮೇ ತಂದ ಗಿರಾಕಿ, ಅಂತ ಲೆಕ್ಕ, ಬಿಟ್ಟ ಮೇಲೆ 12 ತಿಂಗಳು ಅವರ ಜೊತೆ ವ್ಯವಹಾರ ಮಾಡೋ ಹಾಗಿಲ್ಲ. ಮತ್ತೆ ಫೋನಲ್ಲಿ ಹೇಳಿದ್ರು, ಗಿರಾಕಿಗಳನ್ನ ಅವರ ಪರಿಚಯದ ಲೆಂಡರ್ ಹತ್ರಾನೇ ಕಳಿಸಬೇಕು, "ಆ ಕಡೆಯಿಂದಲೂ ಏನಾದ್ರೂ ಬರುತ್ತೆ" ಅಂತ.

ಸುಮ್ನಿರೋ_ಮಾರಾಯ
ಕಾರಣ ಕೇಳ್ಬೇಡಿ ಅಂದಿದ್ದೆ. ಈಗ ಅವರೇ ಕಳಿಸಿದಾರೆ, ಪಿಡಿಎಫ್‌ನಲ್ಲಿ.

ಬೇ_ಏರಿಯಾ_ಭಟ್ರು
ಲೆಂಡರ್ ಮಾತು ಒಂದೇ ಸಾಕು, ಬಿಟ್ಟುಬಿಡಿ. 1974ರ ರೆಸ್ಪಾ ಕಾಯ್ದೆ, ಸೆಕ್ಷನ್ 8. ಲೆಂಡರ್, ಟೈಟಲ್ ಕಂಪನಿಗೆ (ಮನೆಯ ಹಕ್ಕುಪತ್ರ ನೋಡೋರು) ಗಿರಾಕಿ ಕಳಿಸಿದ್ದಕ್ಕೆ ಏಜೆಂಟು ದುಡ್ಡು ತಗೊಳ್ಳೋದು, ಉಡುಗೊರೆ ತಗೊಳ್ಳೋದು ಎರಡೂ ಅಪರಾಧ. ಏಜೆಂಟಿಂದ ಏಜೆಂಟಿಗೆ, ಬ್ರೋಕರ್‌ಗಳ ಮೂಲಕ ಹೋಗೋ ರೆಫರಲ್ ಫೀ ಬೇರೆ, ಅದು ನಡೆಯುತ್ತೆ. ಲೆಂಡರಿಂದ "ಏನಾದ್ರೂ" ಬರೋದು ನಡೆಯಲ್ಲ. ಹೊಸ ಲೈಸೆನ್ಸ್ ಇಟ್ಕೊಂಡು ಆ ಗೋಜಿಗೆ ಹೋಗಬೇಡಿ.

ಕೆರೆ_ಏರಿ
ನಿಮ್ಮ ಫ್ರೆಂಡ್ಸ್‌ನ ಟೀಮ್ ಲೀಡ್ ಅಂತ ಬರೆಸಿಕೊಳ್ಳೋದು ಅನ್ಯಾಯ. ಅವರು ದುಡ್ಡು ಕೊಟ್ಟು ತಂದ ಲೀಡಿಗೆ ಅರ್ಧ ತಗೊಳ್ಳಲಿ, ಸರಿ. ಲೀಡ್ ಕೊಡೋ ಪೋರ್ಟಲ್‌ಗಳು ಕ್ಲೋಸಿಂಗ್ ಆದ್ಮೇಲೆ 35% ಹತ್ತಿರ ಕಿತ್ಕೊಳ್ಳೋದೂ ಇದೆ, ಅವರಿಗೂ ಖರ್ಚಿದೆ. ಆದ್ರೆ ನಿಮ್ಮ ಮಗಳ ಡ್ಯಾನ್ಸ್ ಕ್ಲಾಸಲ್ಲಿ ಪರಿಚಯ ಆದೋರು ಅವರ ಲೀಡ್ ಹೇಗಾದ್ರು?

ಫ್ರಾಂಚೈಸ್‌ನವರ ಅಗ್ರಿಮೆಂಟನ್ನೂ ಇದೇ ಕಣ್ಣಲ್ಲಿ ಓದಿ. ಲಿಸ್ಟಿಂಗ್ (ಮನೆ ಮಾರಿಕೊಡೋ ಒಪ್ಪಂದ) ಕಾನೂನು ಪ್ರಕಾರ ಬ್ರೋಕರ್‌ದೇ, ಬಿಟ್ಟು ಹೋದ್ರೆ ಅಲ್ಲೇ ಉಳಿಯುತ್ತೆ, ಅವರು ಬಿಟ್ಟುಕೊಟ್ರೆ ಮಾತ್ರ ನಿಮ್ಮ ಜೊತೆ ಬರುತ್ತೆ. ಕಾಂಟ್ರಾಕ್ಟಲ್ಲಿರೋ ಡೀಲ್‌ಗೆ ಬಿಟ್ಟ ಮೇಲೂ ಅದೇ ಸ್ಪ್ಲಿಟ್ ಕೊಡ್ತಾರಾ, ಕಡಿತ ಇದೆಯಾ, ಬರವಣಿಗೆಯಲ್ಲಿ ತಗೊಳ್ಳಿ. ನಿಮ್ಮ ಫೋನಲ್ಲಿರೋ ನಂಬರ್‌ಗಳನ್ನ ಅವರ ಸಾಫ್ಟ್‌ವೇರಿಗೆ ಸೇರಿಸೋ ಮುಂಚೆ ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ಳಿ.

ಧಾರವಾಡದ_ಅಕ್ಕಾವ್ರು
ಎಲ್ಲಾರೂ ದೊಡ್ಡ ದೊಡ್ಡ ಮಾತು ಹೇಳೀರಿ, ನಾ ಒಂದು ಸಣ್ಣದು ಹೇಳ್ತೀನಿ. ಆಫೀಸಿಗೆ ಹೋದಾಗ ಬ್ರೋಕರ್ ಕೂಡ ಮಾತಾಡೂದು ಮುಗದ ಮ್ಯಾಲೆ, ಹೋದ ವರ್ಷ ಸೇರಿದ ಹೊಸ ಏಜೆಂಟ್ ಒಬ್ರನ್ನ ಹುಡುಕಿ ಮಾತಾಡ್ಸ್ರಿ. "ನಿಮ್ಮ ಮೊದಲನೇ ಡೀಲ್ ಎಂದ ಆತು? ಅವತ್ತು ಯಾರು ಬಾಜೂಕ ಕೂತಿದ್ರು?" ಅಂತ ಕೇಳ್ರಿ. ನಾ ಹಿಂಗ ಕೇಳಿದಾಗ ಒಂದು ಕಡೆ ಹುಡುಗಿ ಬಾಗಲಾ ಕಡೆ ನೋಡಿ, "ಹೊರಗ ಕಾಫಿ ಕುಡಿಯೂಣು ಬರ್ರಿ" ಅಂದ್ಲು. ಕಾಫಿ ಕುಡದು ಬಂದೆ, ಆ ಆಫೀಸಿಗೆ ಮತ್ತ ಹೋಗಲಿಲ್ಲ.

ಟೆಕ್ಸಾಸ್‌ನಾಗ ನಿಯಮನೂ ಅದ ರೀ. ನೀವು ಒಂದು ಥರದ ಕೆಲಸ ಮೊದಲ ಸಲ ಮಾಡೂವಾಗ ಅನುಭವ ಇದ್ದ ಲೈಸೆನ್ಸ್‌ದಾರರ ನೆರವು ಸಿಗೂ ಹಂಗ ನೋಡ್ಕೊಳ್ಳೂದು ಸ್ಪಾನ್ಸರ್ ಬ್ರೋಕರ್ ಹೊಣೆ. "ನನಗ ಅವರು ಯಾರು?" ಅಂತ ಕೇಳೂದು ನಿಮ್ಮ ಹಕ್ಕು, ಉಪಕಾರ ಅಲ್ಲ.

ಮಲೆನಾಡಿಗ_ಎಕ್ಸ್‌ಪಿ
ಇದು ಒಳ್ಳೆ ಪಾಯಿಂಟ್. ನಮ್ಮಲ್ಲೂ ಹೊಸಬರಿಗೆ ಮೆಂಟರ್ ಇಡ್ತಾರೆ, ಮೊದಲ ಮೂರು ಡೀಲಲ್ಲಿ ಅದಕ್ಕೆ ಅಂತ ಪಾಲು ಹೆಚ್ಚಿಗೆ ಕಟ್ ಆಗುತ್ತೆ. ಆನ್‌ಲೈನ್ ಅಂದ್ರೆ ಅನಾಥ ಅಂತಲ್ಲ. ಆದ್ರೆ ಶಾಲ್ಮಲಾ ಅವರು ಹೇಳಿದ 495 ಡಾಲರ್ ಕಂಪನಿ ಅದಲ್ಲ, ಅಲ್ಲಿ ಮೆಂಟರ್ ಇದಾರಾ ಇಲ್ವಾ ಕೇಳಿ. ಇಲ್ಲ ಅಂದ್ರೆ ನಾನೂ ಬೇಡ ಅಂತೀನಿ.

ಸುಮ್ನಿರೋ_ಮಾರಾಯ
ಮಲೆನಾಡಿಗರು ಬೇಡ ಅಂದ್ರಾ! ಸ್ಕ್ರೀನ್‌ಶಾಟ್ ತಗೊಂಡೆ.

ಕ್ಯಾಶ್‌ಬ್ಯಾಕ್_ಕೇಶವ
ಎಲ್ಲರೂ ಸೇರಿ ಅವರನ್ನ ಫ್ರಾಂಚೈಸ್ ಕಡೆ ತಳ್ತಿದೀರಿ. ಅಲ್ಲಿ ಕ್ಲಾಸಲ್ಲಿ ಕೂತು ಕೂತು ಒಂದೂ ಮನೆ ಮಾರದೆ ವರ್ಷ ಕಳೆದೋರೂ ಇದಾರೆ, ಅದನ್ನೂ ಹೇಳಿ.

ಲೆಕ್ಕದ_ಮೇಷ್ಟ್ರು
ಇದಾರೆ. ಹಾಗಾಗೇ ಆರು ತಿಂಗಳ ಮನೆಖರ್ಚು ಕೈಯಲ್ಲಿಟ್ಕೊಂಡೇ ಇಳೀಬೇಕು. ಕಾಂಟ್ರಾಕ್ಟ್ ಆದ ಮೇಲೂ ಸಾಲದ ಮನೆ ಕ್ಲೋಸ್ ಆಗೋಕೆ ಒಂದು ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತೆ, ಚೆಕ್ ಬರೋದು ಆಮೇಲೆ. ಲೈಸೆನ್ಸಿನ ಮೊದಲ ರಿನ್ಯೂವಲ್ ಒಳಗೆ ಇನ್ನೂ 90 ಗಂಟೆ ಕೋರ್ಸ್ ಇದೆ ಅನ್ನೋದೂ ನೆನಪಿರಲಿ, ಲೀಗಲ್ ಅಪ್‌ಡೇಟ್ ಬೇರೆ. ಅದರ ಫೀಸೂ ಶೀಟಿಗೆ ಸೇರಿಸಿ.

ಶಾಲ್ಮಲಾ_ಪ್ಲೇನೋ
ಇವತ್ತು ಎರಡು ಕಡೆ ಫೋನ್ ಮಾಡಿದೆ. ಆನ್‌ಲೈನ್‌ನವರನ್ನ "ಶುಕ್ರವಾರ ನಾಲ್ಕೂವರೆಗೆ ಯಾರು?" ಅಂತ ಕೇಳಿದೆ. ಟಿಕೆಟ್ ಹಾಕಿ, 24 ಗಂಟೆ ಒಳಗೆ ಉತ್ತರ ಬರುತ್ತೆ ಅಂದ್ರು. ಮೆಂಟರ್ ಇಲ್ಲ, ವಿಡಿಯೋ ಇದೆ. ಪಕ್ಕದಲ್ಲೇ ಕೂತಿದ್ದ ನಮ್ಮನೆಯವರು ಏನೂ ಹೇಳದೆ ಲ್ಯಾಪ್‌ಟಾಪ್ ತೆಗೆದು ಹಸಿರು ಬಣ್ಣ ಅಳಿಸಿದ್ರು.

ಫ್ರಾಂಚೈಸ್ ಆಫೀಸಲ್ಲಿ ಮ್ಯಾನೇಜಿಂಗ್ ಬ್ರೋಕರ್ ಮನೆ ಮಾರಲ್ವಂತೆ, ಅವರ ಮೊಬೈಲ್ ನಂಬರ್ ಕೊಟ್ರು. ಗುರುವಾರ ಕಾಂಟ್ರಾಕ್ಟ್ ಕ್ಲಾಸ್ ಇದೆ, ಬಂದು ಕೂತ್ಕೊಳ್ಳಿ ಅಂದ್ರು. ಅಲ್ಲಿ ಹೋದ ವರ್ಷ ಸೇರಿದ ಯಾರನ್ನಾದ್ರೂ ಹುಡುಕ್ತೀನಿ. 70/30ನ ಚೌಕಾಸಿ ಮಾಡಬಹುದಾ?

ಕೆರೆ_ಏರಿ
ಈಗ ಮಾಡಿದ್ರೆ ಒಪ್ಪಲ್ಲ, ನಿಮ್ಮ ಹತ್ರ ತೋರಿಸೋಕೆ ಏನೂ ಇಲ್ಲ. ಅದರ ಬದಲು ಇಷ್ಟು ಡೀಲ್ ಆದ್ಮೇಲೆ ಸ್ಪ್ಲಿಟ್ ಇಷ್ಟಕ್ಕೆ ಏರುತ್ತೆ ಅಂತ ಈಗಲೇ ಬರೆಸಿಕೊಳ್ಳಿ. ಮತ್ತೆ ಆ ಮೊಬೈಲ್ ನಂಬರ್‌ಗೆ ಈ ಶುಕ್ರವಾರ ಸಂಜೆ ಏನಾದ್ರೂ ನೆಪ ಮಾಡಿ ಒಂದು ಫೋನ್ ಹಚ್ಚಿ ನೋಡಿ.

ಹಾವೇರಿ_ಹುಡುಗ
ಇಷ್ಟೆಲ್ಲಾ ಓದಿದ ಮ್ಯಾಲೆ ಅನಸ್ತದ, ನನ್ನ ಹೆಂಡತಿಗೇ ಈ ಕೋರ್ಸ್ ಮಾಡಸ್ತೀನಿ. ಎಚ್4 ಇದ್ದಾಳ. ಇಎಡಿ ಹಂಗ ಸಿಗ್ತದೇನು?

ಲೆಕ್ಕದ_ಮೇಷ್ಟ್ರು
ಹಾಗೇ ಸಿಗಲ್ಲ. ನಿಮ್ಮ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿರಬೇಕು, ಇಲ್ಲಾ ಆರು ವರ್ಷ ದಾಟಿ ಎಚ್1ಬಿ ಎಕ್ಸ್‌ಟೆನ್ಶನ್‌ನಲ್ಲಿರಬೇಕು.

ಹಾವೇರಿ_ಹುಡುಗ
ಐ-140 ಆಗೇದ ರೀ.

ಧಾರವಾಡದ_ಅಕ್ಕಾವ್ರು
ಅದೆಲ್ಲಾ ಇರ್ಲಿ ತಮ್ಮಾ, ಆಕೀನ್ನ ಕೇಳೀಯೇನು?

ಹಾವೇರಿ_ಹುಡುಗ
ಇನ್ನೂ ಇಲ್ಲ ರೀ ಅಕ್ಕಾ.